ರಜೆಗೆ ಯಾವ ಪುಸ್ತಕ?

ಪರೀಕ್ಷೆಗಳು ಮುಗಿದು, ಉತ್ತರಪತ್ರಿಕೆಗಳ ಕಟ್ಟುಗಳು ಮೇಜನ್ನು ಬಿಟ್ಟು ಹೋದ ಮೇಲೆ ಕನ್ನಡ ಅಧ್ಯಾಪಕನ ಬಳಿಗೆ ಬರತಕ್ಕ ಪ್ರಶ್ನೆ ಒಂದೇ: "ರಜೆಯಲ್ಲಿ ಓದಲಿಕ್ಕೆ ಒಂದೆರಡು ಒಳ್ಳೆಯ ಪುಸ್ತಕಗಳ ಹೆಸರು ಹೇಳಿ ಸಾರ್." ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ತಾಯಿತಂದೆಗಳು ಕೇಳುತ್ತಾರೆ, ಸಂಜೆಯ ತಿರುಗಾಟಕ್ಕೆ ಹೊರಟ ಎದುರು ಮನೆಯ ನಿವೃತ್ತ ಗುಮಾಸ್ತರು ಗೇಟಿನ ಬಳಿ ನಿಂತು ಕೇಳುತ್ತಾರೆ. ವೈದ್ಯರನ್ನು ಕಂಡೊಡನೆ ಮದ್ದು ಕೇಳುವ ನಮ್ಮ ಜನ ಮೇಷ್ಟರನ್ನು ಕಂಡೊಡನೆ ಪುಸ್ತಕ ಕೇಳುವುದು ಸಹಜವೇ. ಕೇಳಿದವರಿಗೆ ಹೇಳುವುದು ಅಧ್ಯಾಪಕನ ಧರ್ಮವೂ ಹೌದು.

ಈ ಧರ್ಮವನ್ನು ನಾನು ಹಲವು ವರ್ಷ ತಪ್ಪು ದಾರಿಯಲ್ಲಿಯೇ ನಡೆಸಿದೆನೆಂದು ಈಗ ಒಪ್ಪಿಕೊಳ್ಳಬೇಕಾಗಿದೆ. ಕೇಳಿದವರ ಕೈಗೆ ನಾನೊಂದು ಪಟ್ಟಿಯನ್ನು ಕೊಡುತ್ತಿದ್ದೆ. ಪಂಪಭಾರತದಿಂದ ಅದು ಮೊದಲಾಗುತ್ತಿತ್ತು. ಗದುಗಿನ ಭಾರತ, 'ಶ್ರೀ ರಾಮಾಯಣ ದರ್ಶನಂ', 'ಮಲೆಗಳಲ್ಲಿ ಮದುಮಗಳು', 'ಪರ್ವ' ಎಂದು ಇಳಿದು ಬರುತ್ತಿತ್ತು. ಇವು ಮಹತ್ತಾದ ಗ್ರಂಥಗಳೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ಕೇಳಿದವರಿಗೆ ಏನು ಬೇಕೆಂಬುದನ್ನು ಆ ಪಟ್ಟಿ ವಿಚಾರಿಸುತ್ತಿರಲಿಲ್ಲ. ಕೊಟ್ಟವನು ಏನೇನನ್ನು ಓದಿದ್ದಾನೆ ಎಂಬುದನ್ನು ಮಾತ್ರ ಸಾರುತ್ತಿತ್ತು.

ಒಂದು ವರ್ಷ ಜೂನ್ ತಿಂಗಳಲ್ಲಿ ಕಾಲೇಜು ತೆರೆದಾಗ ನನ್ನ ವಿದ್ಯಾರ್ಥಿನಿಯೊಬ್ಬಳನ್ನು, "ಏನಮ್ಮ, ಎಷ್ಟು ಪುಸ್ತಕ ಓದಿದೆ?" ಎಂದು ಕೇಳಿದೆ. ಆಕೆ ಸತ್ಯವಂತಳು. "ನೀವು ಕೊಟ್ಟ ಪಟ್ಟಿಯನ್ನು ಭದ್ರವಾಗಿ ಇಟ್ಟುಕೊಂಡಿದ್ದೇನೆ ಸಾರ್. ಆದರೆ ಅದನ್ನು ನೋಡಿದಾಗಲೆಲ್ಲ ರಜೆಯಲ್ಲೂ ಪಾಠವೇ ಅನ್ನಿಸಿತು" ಎಂದಳು. ಆ ಮಾತು ನನಗೆ ಸ್ವಲ್ಪ ಚುಚ್ಚಿತು, ಚುಚ್ಚಬೇಕಾದುದೇ ಆಗಿದ್ದಿತು. ಆದರೂ ಪಟ್ಟಿಯನ್ನು ನಾನು ಬಿಡಲಿಲ್ಲ. ಅದನ್ನು ಬಿಡಿಸಿದ್ದು ನನ್ನ ತಂದೆಯವರ ಕಣ್ಣು.

ಕೆಲವು ವರ್ಷಗಳ ಹಿಂದಿನ ಬೇಸಗೆಯ ಮಾತು. ಅರಸೀಕೆರೆಯ ಕಡೆಯ ನಮ್ಮ ಊರಿನಲ್ಲಿ ತಂದೆಯವರಿಗೆ ಎರಡು ಕಣ್ಣಿಗೂ ಪೊರೆ ಬೆಳೆದು ಅಕ್ಷರಗಳು ಮಸುಕಾಗಿದ್ದುವು. ರಕ್ತದಲ್ಲಿ ಸಕ್ಕರೆ ಇಳಿಯುವವರೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರು ಮುಂದಕ್ಕೆ ಹಾಕಿದ್ದರು. ಬೆಳಗಿನ ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿ ಮುಗಿಸದೆ ಸ್ನಾನಕ್ಕೆ ಏಳದಿದ್ದ ಮನುಷ್ಯ, ಪತ್ರಿಕೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ನಾನು ಹೆಂಡತಿ ಮಗಳೊಡನೆ ನಾಲ್ಕು ದಿನಗಳ ಮಟ್ಟಿಗೆಂದು ಊರಿಗೆ ಹೋಗಿದ್ದೆ. ಬಹುಕಾಲದಿಂದ ನಾನು ಹೋಗುತ್ತಿದ್ದುದೂ ಹಾಗೆಯೇ: ಹಬ್ಬಕ್ಕೆ ಎರಡು ದಿನ, ಮದುವೆಗೆ ಒಂದು ದಿನ. ಆ ಸಲ ಚೀಲದಲ್ಲಿ ಎರಡು ಪುಸ್ತಕಗಳಿದ್ದುವು. ಹೊತ್ತು ಹೋಗಲೆಂದು ಮೊದಲನೆಯ ಸಂಜೆ ಅವುಗಳಲ್ಲೊಂದನ್ನು ತೆಗೆದು ಗಟ್ಟಿಯಾಗಿ ಓದತೊಡಗಿದೆ.

ಆ ಸಂಜೆಯಿಂದ ನನಗೆ ತಿಳಿದು ಬಂದ ಸಂಗತಿಯನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡಲು ಹೊರಟಿದ್ದೇನೆ. ರಜೆಯ ಪುಸ್ತಕವು ಒಬ್ಬರು ಮೂಲೆಯಲ್ಲಿ ಕುಳಿತು ಮುಗಿಸುವ ಪುಸ್ತಕವಾಗಬಾರದು. ಮನೆಯವರೆಲ್ಲ ಕುಳಿತು ಕೇಳುವ ಪುಸ್ತಕವಾಗಬೇಕು. ಉಳಿದ ಹತ್ತು ತಿಂಗಳು ಒಬ್ಬೊಬ್ಬರಾಗಿ ಓದಿಕೊಳ್ಳುವುದು ಇದ್ದೇ ಇದೆ. ಮೂರು ತಲೆಮಾರಿನವರು ಒಂದೇ ಸೂರಿನ ಕೆಳಗೆ ಸೇರುವ ಹತ್ತು ಹದಿನೈದು ದಿನಗಳಲ್ಲಾದರೂ ಪುಸ್ತಕಕ್ಕೆ ಒಂದು ದನಿ ಬರಬೇಕು.

ಕೇಳುವ ಓದು

ಇದು ಹೊಸ ಮಾತೇನೂ ಅಲ್ಲ. ಕನ್ನಡಿಗರು ಕಾವ್ಯವನ್ನು ಬಹುಮಟ್ಟಿಗೆ ಕಿವಿಯಿಂದಲೇ ಓದಿಕೊಂಡು ಬಂದವರು. ಹದಿನೈದನೆಯ ಶತಮಾನದ ಕುಮಾರವ್ಯಾಸನ ಭಾರತವು ಅಕ್ಷರ ಬಾರದ ಮನೆಗಳಿಗೂ ಮುಟ್ಟಿದುದು ಗಮಕಿಯ ಕಂಠದಿಂದ. ಸುಗ್ಗಿ ಮುಗಿದು ಕೈಗೆ ಬಿಡುವು ಬಂದಾಗ ದೇವಸ್ಥಾನದ ಅಂಗಳದಲ್ಲಿ ದೀಪವಿಟ್ಟು ಭಾರತವನ್ನು ಓದಿಸುತ್ತಿದ್ದರು. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸಬೇಕೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದ್ದಿತು. ಮಳೆ ಬಂದಿತೋ ಇಲ್ಲವೋ, ಊರಿಗೆ ಊರೇ ಒಂದೆಡೆ ಕುಳಿತು ಒಂದು ಕಥೆಯನ್ನು ಕೇಳುತ್ತಿದ್ದುದಂತೂ ನಿಜ. ಅಚ್ಚಿನ ಪುಸ್ತಕ ಬಂದ ಮೇಲೆ ಓದು ಮೌನವಾಯಿತು. ಆ ಮೌನದಿಂದ ಲಾಭವೂ ಅಪಾರವಾಗಿದೆ. ಅದನ್ನು ನಾನು ಹಳಿಯುತ್ತಿಲ್ಲ. ಆದರೆ ಇಂದು ಒಂದೇ ಹಜಾರದಲ್ಲಿ ನಾಲ್ವರು ನಾಲ್ಕು ಮೊಬೈಲುಗಳನ್ನು ಹಿಡಿದು ಕುಳಿತಿರುವಾಗ, ಎಲ್ಲರೂ ಒಂದೇ ಮಾತಿಗೆ ನಗುವ ಸಂದರ್ಭಗಳು ಎಷ್ಟು ಕಡಮೆಯಾಗಿವೆ ಎಂಬುದನ್ನು ಯಾರಾದರೂ ಗಮನಿಸಬಹುದು.

ಹಾಗಾದರೆ ಕೇಳಿಸಿಕೊಳ್ಳಲು ತಕ್ಕ ಪುಸ್ತಕಗಳಾವುವು? ನಾವು ಓದಿ ನೋಡಿ, ಮನೆಯವರೆಲ್ಲರ ಮೆಚ್ಚಿಕೆಯನ್ನು ಪಡೆದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಗುವಿನಿಂದ ಆರಂಭ

ಮೊದಲ ಸಂಜೆಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗಿಂತ ಉತ್ತಮ ಅತಿಥಿ ಇಲ್ಲ. ಅವರ 'ಹಳ್ಳಿಯ ಚಿತ್ರಗಳು' ಪ್ರಕಟವಾದುದು 1930ರಲ್ಲಿ. 'ನಮ್ಮ ಊರಿನ ರಸಿಕರು' ಬಂದುದು 1932ರಲ್ಲಿ. ಹೇಮಾವತಿಯ ದಡದ ಒಂದು ಸಣ್ಣ ಊರು, ಅಲ್ಲಿನ ಜಗಳ, ಜಾತ್ರೆ, ಹರಟೆ, ಬಡತನ, ದೊಡ್ಡಸ್ತಿಕೆ - ಇಷ್ಟೇ ಅವುಗಳ ವಸ್ತು. ಒಂದೊಂದು ಪ್ರಬಂಧವೂ ಅರ್ಧ ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ, ಓದುವವನ ಗಂಟಲಿಗೂ ಕೇಳುವವರ ತಾಳ್ಮೆಗೂ ಹಿತ. ಗೊರೂರರ ಹಾಸ್ಯದಲ್ಲಿ ಯಾರನ್ನೂ ಕೆಳಕ್ಕೆ ತಳ್ಳುವ ಚಾಳಿಯಿಲ್ಲ. ಅವರು ತಮ್ಮ ಊರಿನವರನ್ನು ಕಂಡು ನಗುತ್ತಾರೆ. ಹಾಗೆ ನಗುವಾಗ ತಾವೂ ಆ ಗುಂಪಿನಲ್ಲೇ ನಿಂತಿರುತ್ತಾರೆ.

ನಾನು ಓದುತ್ತಿದ್ದಂತೆ ತಂದೆಯವರು ಎರಡು ಸಲ ನನ್ನನ್ನು ನಿಲ್ಲಿಸಿ, ಅಂಥವನೇ ಒಬ್ಬ ಮಹಾಶಯ ನಮ್ಮ ಊರಿನಲ್ಲಿಯೂ ಇದ್ದುದನ್ನು ವರ್ಣಿಸಿದರು. ಆ ಮನುಷ್ಯನ ಹೆಸರನ್ನು ಕೂಡ ನಾನು ಅದುವರೆಗೆ ಕೇಳಿರಲಿಲ್ಲ. ಒಳ್ಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುವುದರ ಲಾಭ ಇದು. ಪುಸ್ತಕದ ಕಥೆಯ ಜೊತೆಗೆ ಮನೆಯ ಕಥೆಯೂ ಹೊರಗೆ ಬರುತ್ತದೆ.

ಮಕ್ಕಳು ಪರದೇಶದಲ್ಲಿದ್ದು, ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವ ಹಿರಿಯರು ಈಗ ನಮ್ಮಲ್ಲಿ ಬಹಳ ಮಂದಿ. ಅಂಥವರು ಗೊರೂರರ 'ಅಮೆರಿಕದಲ್ಲಿ ಗೊರೂರು' ಎಂಬ ಪ್ರವಾಸ ಗ್ರಂಥವನ್ನು ಅವಶ್ಯವಾಗಿ ಚೀಲದಲ್ಲಿಟ್ಟುಕೊಳ್ಳಬೇಕು. 1979ರಲ್ಲಿ ಪ್ರಕಟವಾಗಿ ಮರುವರ್ಷವೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಗ್ರಂಥದಲ್ಲಿ, ಹೇಮಾವತಿಯ ದಡದ ಅದೇ ಕಣ್ಣು ಅಮೆರಿಕವನ್ನು ನೋಡುತ್ತದೆ. ದೊಡ್ಡ ದೇಶವನ್ನು ಕಂಡು ಆ ಕಣ್ಣು ಬೆರಗಾಗುತ್ತದೆ, ಆದರೆ ಕುಗ್ಗುವುದಿಲ್ಲ.

ಬೆಟ್ಟದ ಮೇಲಿನ ಮನೆ

ಎರಡನೆಯ ಸಂಜೆ ನಾನು ತೆಗೆದುದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಕಾದಂಬರಿ ಇದು. ಸುಬ್ರಹ್ಮಣ್ಯದ ಸಮೀಪ, ಕುಮಾರಪರ್ವತದ ತಪ್ಪಲಿನ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕನನ್ನು ಇಬ್ಬರು ಹಳ್ಳಿಗರು ಒಂದು ಮನೆಗೆ ಮುಟ್ಟಿಸುತ್ತಾರೆ. ಆ ಮನೆಯ ಯಜಮಾನರು ಗೋಪಾಲಯ್ಯ. ಅವರ ಪತ್ನಿ ಶಂಕರಿ. ಕಾಡನ್ನು ಕಡಿದು, ನೀರನ್ನು ತಿರುಗಿಸಿ, ಆನೆ ಹುಲಿಗಳ ನಡುವೆ ಅಡಕೆಯ ತೋಟವನ್ನೆಬ್ಬಿಸಿದ ಗಟ್ಟಿಗ ಗೋಪಾಲಯ್ಯ. ಬಂದ ಅತಿಥಿಯನ್ನು ಅವರು ಇಂದು ಬೇಡ ನಾಳೆ, ನಾಳೆ ಬೇಡ ನಾಡಿದ್ದು ಎಂದು ಉಪಚಾರದಿಂದಲೇ ಕಟ್ಟಿಹಾಕುತ್ತಾರೆ. ಆ ಉಪಚಾರದ ಹಿಂದೆ ಏನಿದೆ ಎಂಬುದು ಕ್ರಮೇಣ ತಿಳಿಯುತ್ತದೆ: ಓದಲು ಹೋದ ಒಬ್ಬನೇ ಮಗ ಮನೆಯನ್ನು ಬಿಟ್ಟು ಹೋಗಿದ್ದಾನೆ. ಮುಂದೇನಾಯಿತೆಂಬುದನ್ನು ನಾನು ಹೇಳಲಾರೆ. ಓದದವರ ಸುಖವನ್ನು ಕದಿಯುವುದು ನ್ಯಾಯವಲ್ಲ.

ಈ ಕಾದಂಬರಿಯನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೆ. ಪ್ರಕೃತಿ ಮತ್ತು ಮಾನವನ ಸಂಬಂಧ, ನಿರೂಪಣೆಯ ತಂತ್ರ ಎಂದೆಲ್ಲ ಟಿಪ್ಪಣಿಗಳನ್ನು ಬರೆಸಿದ್ದೆ. ನಮ್ಮ ಜಗಲಿಯಲ್ಲಿ ಓದುವಾಗ ಆ ಟಿಪ್ಪಣಿಗಳಲ್ಲಿ ಒಂದೂ ನನ್ನ ನೆರವಿಗೆ ಬರಲಿಲ್ಲ. ತಾಯಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆಗಳನ್ನು ಬಿಡಿಸುತ್ತ ಕುಳಿತಿದ್ದರು. ಶಂಕರಮ್ಮ ಅತಿಥಿಗೆ ಅಕ್ಕರೆಯಿಂದ ಬಡಿಸುವ ಭಾಗ ಬಂದಾಗ ಅವರ ಕೈ ನಿಂತಿತು. "ಆ ಹುಡುಗ ಒಂದು ಕಾಗದ ಕೂಡ ಬರೀಲಿಲ್ವೇನೋ?" ಎಂದು ಕೇಳಿದರು. ವಾರಕ್ಕೊಮ್ಮೆ ಎರಡು ನಿಮಿಷ ದೂರವಾಣಿಯಲ್ಲಿ ಮಾತಾಡಿ ಮಗನ ಕರ್ತವ್ಯ ಮುಗಿಯಿತೆಂದುಕೊಂಡಿದ್ದ ನಾನು, ಉತ್ತರ ಹೇಳದೆ ಮುಂದಿನ ವಾಕ್ಯಕ್ಕೆ ಹೋದೆ.

ಗಟ್ಟಿಯಾಗಿ ಓದಿದರೆ ಗಂಟೆಗೆ ಇಪ್ಪತ್ತು ಪುಟಗಳಿಗಿಂತ ಹೆಚ್ಚು ಸಾಗುವುದಿಲ್ಲ. ನಾಲ್ಕನೆಯ ದಿನ ಸಂಜೆಗೆ ಪುಸ್ತಕ ಅರ್ಧಕ್ಕೆ ಬಂದಿತ್ತು. ಮರುದಿನದ ಬಸ್ಸಿನ ವಿಚಾರವನ್ನು ನಾನು ಎತ್ತಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮಗಾಗಿ ಏನನ್ನೂ ಎಂದೂ ಕೇಳಿದವರಲ್ಲ ಅವರು. "ಪುಸ್ತಕ ಮುಗಿಯೋವರೆಗಾದರೂ ಇರಪ್ಪ" ಎಂದರು. ಸ್ವಲ್ಪ ತಡೆದು, "ಅವಸರ ಮಾಡಿ ಓದಬೇಡ" ಎಂದು ಸೇರಿಸಿದರು.

ನಾಲ್ಕು ದಿನಕ್ಕೆಂದು ಹೋದವನು ಆ ವರ್ಷ ಹನ್ನೊಂದು ದಿನ ಊರಿನಲ್ಲಿದ್ದೆ. ರಜೆಯಲ್ಲಿ ಯಾವ ಪುಸ್ತಕ ಓದಬೇಕೆಂದು ಯಾರಾದರೂ ಕೇಳಿದರೆ, ಅಂದಿನಿಂದ ನಾನು ಮೊದಲು ಹೇಳುವ ಹೆಸರು 'ಬೆಟ್ಟದ ಜೀವ'. ಊರಿನಲ್ಲಿ ವೃದ್ಧ ತಾಯಿತಂದೆಗಳಿರುವವರು ಅದನ್ನು ಅಲ್ಲಿಯೇ, ಅವರ ಎದುರಿನಲ್ಲಿಯೇ ಓದಬೇಕೆಂದೂ ಹೇಳುತ್ತೇನೆ.

ಹೆಂಗಸರ ಕಥೆ, ಹೆಂಗಸರ ಮಾತು

ಮರುವರ್ಷದ ರಜೆಗೆ ಪುಸ್ತಕವನ್ನು ಆರಿಸಿದವಳು ನನ್ನ ಹೆಂಡತಿ. ಆಕೆ ತಂದುದು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'. ಇಂದಿರಾ ಅವರು ತೀರ್ಥಹಳ್ಳಿಯವರು, 1917ರಲ್ಲಿ ಹುಟ್ಟಿದವರು. ಅವರ 'ತುಂಗಭದ್ರ' ಕಾದಂಬರಿ ಬಂದುದು 1963ರಲ್ಲಿ, ಅವರ ವಯಸ್ಸು ನಲವತ್ತೈದನ್ನು ದಾಟಿದ ಮೇಲೆ. ಸಂಸಾರದ ಗಾಡಿಯನ್ನು ಎಳೆಯುತ್ತ, ಇನ್ನು ಬರೆಯುವ ವಯಸ್ಸು ಮೀರಿತೆಂದು ನಿಟ್ಟುಸಿರು ಬಿಡುವ ಗೃಹಿಣಿಯರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬಹುದು.

'ಫಣಿಯಮ್ಮ' ಪ್ರಕಟವಾದುದು 1976ರಲ್ಲಿ. ಲೇಖಕಿಯ ಬಂಧುವರ್ಗದಲ್ಲಿ ನಿಜವಾಗಿ ಬಾಳಿದ ಹಿರಿಯಾಕೆಯೊಬ್ಬರ ಕಥೆ ಅದು. ಮದುವೆಯೆಂದರೇನೆಂದು ತಿಳಿಯುವ ಮುನ್ನವೇ ವಿಧವೆಯಾಗಿ, ತಲೆಗೂದಲನ್ನು ಕಳೆದುಕೊಂಡು, ಒಪ್ಪೊತ್ತಿನ ಊಟದಲ್ಲಿ ನೂರು ವರ್ಷಕ್ಕೂ ಮಿಕ್ಕ ಆಯುಷ್ಯವನ್ನು ಸವೆಸಿದ ಆ ಹೆಂಗಸು ಗೋಳಾಡುವುದಿಲ್ಲ. ಎಲ್ಲವನ್ನೂ ನೋಡುತ್ತಾಳೆ, ತೂಗುತ್ತಾಳೆ, ಅನ್ಯಾಯವೆಂದು ಕಂಡಲ್ಲಿ ಇತರ ಹೆಣ್ಣುಮಕ್ಕಳ ಪಕ್ಷವನ್ನು ವಹಿಸುತ್ತಾಳೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು.

ಹೆಂಡತಿ ಓದುತ್ತಿದ್ದಳು. ಆಗ ಒಂಬತ್ತು ವರ್ಷದವಳಾಗಿದ್ದ ನಮ್ಮ ಮಗಳು ನಡುವೆಯೇ, "ಅಜ್ಜೀ, ಚಿಕ್ಕ ಹುಡುಗಿಯ ತಲೆ ಯಾಕೆ ಬೋಳಿಸಿದರು?" ಎಂದು ಕೇಳಿದಳು. ತಾಯಿ ಕೂಡಲೇ ಉತ್ತರ ಹೇಳಲಿಲ್ಲ. ಆಮೇಲೆ, ತಮ್ಮ ತೌರುಮನೆಯಲ್ಲಿ ಹಿತ್ತಲ ಕೋಣೆಯೊಂದರಲ್ಲಿ ಜೀವಮಾನವನ್ನೆಲ್ಲ ಕಳೆದ ಒಬ್ಬ ಸೋದರತ್ತೆಯ ವಿಷಯವನ್ನು ಹೇಳತೊಡಗಿದರು. ಅವರು ನನ್ನ ತಾಯಿಗೆ ರಂಗೋಲಿಯನ್ನೂ ಹಾಡುಗಳನ್ನೂ ಕಲಿಸಿದವರಂತೆ. ನಲವತ್ತು ವರ್ಷಗಳ ಸಂಸಾರದಲ್ಲಿ ನನ್ನ ತಂದೆಯವರಿಗೂ ಗೊತ್ತಿಲ್ಲದ ಸಂಗತಿ ಅದು. ಅಂದು ಪುಸ್ತಕ ಮುಂದಕ್ಕೆ ಸಾಗಲಿಲ್ಲ, ಸಾಗಬೇಕಾಗಿಯೂ ಇರಲಿಲ್ಲ.

ಎಳೆಯರಿಗಾಗಿ

ನಮ್ಮ ಮಗಳ ವಿಷಯದಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಕನ್ನಡ ಎಂ.ಎ. ಮಾಡಿದವನ ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಕನ್ನಡದಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಪುಸ್ತಕ ಹಿಡಿದರೆ ಒತ್ತಕ್ಷರಗಳ ಮುಂದೆ ಎಡವಿ ನಿಲ್ಲುತ್ತಿದ್ದಳು. ನಗರದ ಮಧ್ಯಮವರ್ಗದ ಎಷ್ಟೋ ಮನೆಗಳ ಸ್ಥಿತಿ ಇದೇ. ಮನೆಯಲ್ಲಿ ಕನ್ನಡವಿದೆ, ಕನ್ನಡದ ಓದಿಲ್ಲ. ಬಯ್ದರೂ ಬಹುಮಾನ ಕೊಟ್ಟರೂ ಹೋಗದ ಈ ಎಡವು ಹೋದುದು ಪೂರ್ಣಚಂದ್ರ ತೇಜಸ್ವಿಯವರಿಂದ.

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಸಣ್ಣ ಕಾದಂಬರಿ. ಮಲೆನಾಡಿನ ಒಬ್ಬ ಕೃಷಿಕ, ಕರ್ವಾಲೊ ಎಂಬ ವಿಜ್ಞಾನಿ, ಕೆಲಸಕ್ಕೆ ಬಾರದವನೆಂದು ಊರೆಲ್ಲ ಎಣಿಸಿರುವ ಮಂದಣ್ಣನೆಂಬ ಹಳ್ಳಿಯ ಹುಡುಗ - ಇವರೆಲ್ಲ ಕೂಡಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ದಟ್ಟ ಕಾಡಿಗೆ ನುಗ್ಗುತ್ತಾರೆ. ಜೇನು, ನಾಯಿ, ಮದುವೆ, ಪೊಲೀಸು ಎಲ್ಲವೂ ಇದರಲ್ಲಿ ಉಂಟು. ಊರಿನ ದೃಷ್ಟಿಯಲ್ಲಿ ದಡ್ಡನಾದವನು ಕಾಡಿನ ದೃಷ್ಟಿಯಲ್ಲಿ ಪಂಡಿತನಾಗಿರಬಹುದೆಂಬ ವಿಷಯವನ್ನು ಉಪದೇಶದ ಸೋಂಕಿಲ್ಲದೆ ತೋರಿಸಿಕೊಡುವ ಕೃತಿ ಅದು. ಪರೀಕ್ಷೆಯಲ್ಲಿ ಅಂಕಗಳು ಕಡಮೆ ಬಂದ ಮಕ್ಕಳಿರುವ ಮನೆಯಲ್ಲಿ ಇದನ್ನು ಓದಿದರೆ ತಾಯಿತಂದೆಗಳಿಗೂ ಒಳ್ಳೆಯದು.

ನಾನು ಪ್ರತಿದಿನವೂ ಕಥೆ ಬಿಸಿಯೇರಿದ ಕಡೆಯಲ್ಲಿ ಬೇಕೆಂದೇ ನಿಲ್ಲಿಸುತ್ತಿದ್ದೆ. ವಾರಪತ್ರಿಕೆಯ ಧಾರಾವಾಹಿಗಳನ್ನು ಓದುವ ನಿಮಗೆ ಈ ಉಪಾಯದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಮಾಳಿಗೆಯ ಮೇಲೆ ಸಂಡಿಗೆಗೆ ಕಾಗೆ ಕಾಯಲು ಕುಳಿತಿದ್ದ ಮಗಳ ತೊಡೆಯ ಮೇಲೆ 'ಕರ್ವಾಲೊ' ಇದ್ದಿತು. ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲಿ ಗುಣುಗುಣಿಸುತ್ತ, ಓತಿ ಸಿಕ್ಕಿತೇ ಇಲ್ಲವೇ ಎಂದು ತಾನಾಗಿಯೇ ಹುಡುಕುತ್ತಿದ್ದಳು. ಸಂಡಿಗೆಯಲ್ಲಿ ಕಾಗೆಯ ಪಾಲು ಸ್ವಲ್ಪ ಹೆಚ್ಚಾಯಿತು. ಆ ನಷ್ಟವನ್ನು ನಾವು ಸಂತೋಷದಿಂದಲೇ ಭರಿಸಿದೆವು.

ಇನ್ನೂ ಎಳೆಯ ಮಕ್ಕಳಿಗೆ ಪಂಜೆ ಮಂಗೇಶರಾಯರ ಕಥೆಗಳು ಇಂದಿಗೂ ಸವೆದಿಲ್ಲ. 1874ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ ಈ ಶಿಕ್ಷಕರ 'ಗುಡುಗುಡು ಗುಮ್ಮಟದೇವರು' ಮೊದಲಾದ ಕಥೆಗಳನ್ನು ಅಭಿನಯದೊಡನೆ ಓದಬೇಕು. ಓದುವ ಅಜ್ಜನಿಗೆ ಹಲ್ಲಿಲ್ಲದಿದ್ದರೆ ಸ್ವಾರಸ್ಯ ಇಮ್ಮಡಿ.

ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವ ತರುಣತರುಣಿಯರ ಕೈಗೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಗ್ರಂಥವನ್ನು ಕೊಡಿರಿ. ಡಿ. ವಿ. ಜಿ.ಯವರ ಪುತ್ರರೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ಸ್ವಾಮಿಯವರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಗಿಡಮರಗಳನ್ನು ಅರಸಿ ಅಲೆದ ಕಥೆ ಅದು. ಚಿತ್ರಗಳನ್ನು ಬರೆದವರೂ ಅವರೇ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಶಾಸ್ತ್ರವೂ ವಿನೋದವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರುವುದನ್ನು ನೋಡಬೇಕಾದರೆ ಈ ಪುಸ್ತಕವನ್ನು ನೋಡಬೇಕು. ಮಲೆನಾಡಿಗೆ ಪ್ರವಾಸ ಹೊರಟವರು ಇದನ್ನು ಜೊತೆಯಲ್ಲಿ ಒಯ್ದರೆ, ದಾರಿಯ ಬದಿಯ ಗಿಡವೂ ಮಾತಾಡುತ್ತದೆ.

ಇಬ್ಬರೇ ಇರುವ ಮನೆಗೆ

ಊರಿಗೆ ಹೋಗುವ ಅನುಕೂಲವಿಲ್ಲದ, ಗಂಡಹೆಂಡಿರಿಬ್ಬರೇ ಇರುವ ಮನೆಗಳೂ ಉಂಟು. ಅಂಥವರಿಗೆ ಮುದ್ದಣನ 'ಶ್ರೀರಾಮಾಶ್ವಮೇಧಂ' ಕೃತಿಯಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪವನ್ನು ಸೂಚಿಸುತ್ತೇನೆ. ಮಳೆಗಾಲದ ಒಂದು ದಿನ ಗಂಡ ದಣಿದು ಮನೆಗೆ ಬರುತ್ತಾನೆ. ಹೆಂಡತಿ ಉಪಚರಿಸಿ, ಹೊತ್ತು ಹೋಗಲು ಒಂದು ಕಥೆ ಹೇಳೆನ್ನುತ್ತಾಳೆ. ಹೇಗೆ ಹೇಳಬೇಕೆಂಬುದರ ಬಗ್ಗೆ ಇಬ್ಬರಿಗೂ ವಾದ ಹತ್ತುತ್ತದೆ. ಗಂಡನ ಪಾಂಡಿತ್ಯಕ್ಕೆ ಅವಳು ಸೋಲುವವಳಲ್ಲ. ತನಗೆ ತಿಳಿಯುವ ಸವಿಗನ್ನಡ ಬೇಕೆಂದು ಹಠ ಹಿಡಿದು ಗೆಲ್ಲುತ್ತಾಳೆ.

ಇದನ್ನು ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ತಮ್ಮ ಕೃತಿಯನ್ನು ತಮ್ಮದೆಂದು ಹೇಳಿಕೊಳ್ಳದೆ, ಹಳೆಯ ಕಾಲದ ಕವಿಯದೆಂಬಂತೆ ಮೈಸೂರಿಗೆ ಕಳಿಸಿದರು. 1901ರಲ್ಲಿ ಕ್ಷಯರೋಗಕ್ಕೆ ತುತ್ತಾದಾಗ ಅವರಿಗೆ ವಯಸ್ಸು ಮೂವತ್ತೊಂದು. ಬಡತನದಲ್ಲಿ, ಕಾಯಿಲೆಯ ನೆರಳಿನಲ್ಲಿ ಇಷ್ಟು ನಗುನಗುತ್ತಾ ಇರುವ ದಾಂಪತ್ಯವನ್ನು ಬರೆದಿಟ್ಟುಹೋದರಲ್ಲ ಎಂದು ನೆನೆದಾಗ ಮನಸ್ಸು ತುಂಬಿ ಬರುತ್ತದೆ. ಭಾಷೆ ಹಳಗನ್ನಡವಾದರೂ ಅರ್ಥಕೋಶವುಳ್ಳ ಆವೃತ್ತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ತೊಡಕಿಲ್ಲ. ಗಂಡ ಮುದ್ದಣನ ಮಾತನ್ನೂ ಹೆಂಡತಿ ಮನೋರಮೆಯ ಮಾತನ್ನೂ ಓದಿ ನೋಡಲಿ. ಕೆಲವು ಮನೆಗಳಲ್ಲಿ ಪಾತ್ರಗಳನ್ನು ಅದಲುಬದಲು ಮಾಡಬೇಕಾಗಬಹುದು. ಅದು ಅವರವರಿಗೆ ಬಿಟ್ಟ ವಿಷಯ.

ಒಂದೇ ಸಂಜೆಯ ಬಿಡುವು ಇರುವವರಿಗೆ ಮಾಸ್ತಿಯವರ 'ಸುಬ್ಬಣ್ಣ' ಸಾಕು. 1928ರಲ್ಲಿ ಬಂದ ಈ ನೀಳ್ಗತೆ, ಸಂಗೀತಕ್ಕಾಗಿ ಮನೆಬಿಟ್ಟು ಹೋದವನ ಬಾಳನ್ನು, ಪಕ್ಕದಲ್ಲಿ ಕುಳಿತ ಹಿರಿಯರು ತಗ್ಗಿದ ದನಿಯಲ್ಲಿ ಹೇಳುವಂತೆ ಹೇಳುತ್ತದೆ. ಅದನ್ನು ಓದಿ ಮುಗಿಸಿದ ಮೇಲೆ ಮನೆಯವರು ಕೆಲಹೊತ್ತು ಮಾತಾಡದಿದ್ದರೆ ಆಶ್ಚರ್ಯಪಡಬೇಡಿರಿ.

ಒಂದೆರಡು ಸೂಚನೆಗಳು

ಅನುಭವದಿಂದ ಕಲಿತ ಕೆಲವು ಸಣ್ಣ ವಿಷಯಗಳನ್ನು ಹೇಳಿ ಮುಗಿಸುತ್ತೇನೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಓದಬಾರದು. ಓದುವವನು ಒಬ್ಬನೇ ಆಗದೆ ಸರದಿಯಿರಲಿ. ಮಗು ತಡವರಿಸಿ ಓದಿದರೆ ತಿದ್ದಬಾರದು. ಕೇಳುವವರ ಕೈಗೆ ಕೆಲಸವಿದ್ದರೆ ಒಳ್ಳೆಯದು. ಅವರೆ ಸುಲಿಯುತ್ತ, ಬತ್ತಿ ಹೊಸೆಯುತ್ತ ಕೇಳಿದ ಕಥೆ ಚೆನ್ನಾಗಿ ನಿಲ್ಲುತ್ತದೆ. ಯಾರಾದರೂ ನಡುವೆ ತಮ್ಮ ನೆನಪನ್ನು ಹೇಳತೊಡಗಿದರೆ ಪುಸ್ತಕವನ್ನು ಮುಚ್ಚಿ ಅದನ್ನು ಕೇಳಬೇಕು. ಪುಸ್ತಕ ನಾಳೆಯೂ ಇರುತ್ತದೆ.

ಕೊಳ್ಳಲು ಅನುಕೂಲವಿಲ್ಲದವರು ಸಮೀಪದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಬಹುದು. ನಮ್ಮ ರಾಜ್ಯದ ಗ್ರಂಥಾಲಯಗಳ ಕಾನೂನು 1965ರಲ್ಲಿ ಆದುದು. ಅದರಂತೆ ಮನೆಯ ತೆರಿಗೆಯೊಡನೆ ನಾವೆಲ್ಲ ಗ್ರಂಥಾಲಯದ ಕರವನ್ನೂ ಕಟ್ಟುತ್ತಿದ್ದೇವೆ. ಹಣ ಕಟ್ಟಿ ಪುಸ್ತಕ ತರದಿರುವುದು ಗೃಹಕೃತ್ಯದ ದೃಷ್ಟಿಯಿಂದಲೂ ಜಾಣತನವೆನ್ನಿಸಲಾರದು.

ಮಹಾಗ್ರಂಥಗಳನ್ನು ರಜೆಯಲ್ಲಿ ಓದಲೇಬಾರದೇ ಎಂದು ಕೆಲವರು ಕೇಳಬಹುದು. ಓದಬಾರದೆಂದು ಯಾರೆನ್ನುತ್ತಾರೆ? 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಒಂದು ಇಡೀ ತಿಂಗಳನ್ನು ಬೇಡುತ್ತದೆ, ಆ ತಿಂಗಳನ್ನು ಬಡ್ಡಿಸಹಿತ ಹಿಂದಕ್ಕೂ ಕೊಡುತ್ತದೆ. ಆದರೆ ಓದಿನ ರುಚಿ ಹತ್ತಿದವರು ಅಲ್ಲಿಗೆ ತಾವಾಗಿಯೇ ಹೋಗುತ್ತಾರೆ. ರುಚಿ ಹತ್ತುವ ಮುನ್ನ ತಳ್ಳಿದರೆ, ನನ್ನ ವಿದ್ಯಾರ್ಥಿನಿಯಂತೆ ಪಟ್ಟಿಯನ್ನಷ್ಟೇ ಭದ್ರವಾಗಿಡುತ್ತಾರೆ.

ನನ್ನ ತಂದೆಯವರಿಗೆ ಆ ವರ್ಷವೇ ಶಸ್ತ್ರಚಿಕಿತ್ಸೆಯಾಗಿ ಕಣ್ಣು ತಿಳಿಯಾಯಿತು. ಈಗ ಪತ್ರಿಕೆಯನ್ನು ಜಾಹೀರಾತುಗಳ ಸಮೇತ ಮತ್ತೆ ತಾವೇ ಓದುತ್ತಾರೆ. ಪುಸ್ತಕವನ್ನು ಓದಿ ಹೇಳಲು ಅವರಿಗೆ ಯಾರ ಹಂಗೂ ಇಲ್ಲ. ಆದರೂ ಮಾರ್ಚ್ ತಿಂಗಳು ಬಂದೊಡನೆ ಅವರ ಕರೆ ಬರುತ್ತದೆ. ಯಾವಾಗ ಬರುತ್ತೀಯೆ ಎಂದು ಅವರು ಈಗಲೂ ಕೇಳುವುದಿಲ್ಲ. "ಈ ಸಲ ಯಾವ ಪುಸ್ತಕ ತರ್ತೀಯಪ್ಪ?" ಎನ್ನುತ್ತಾರೆ, ಆಮೇಲೆ, "ಸ್ವಲ್ಪ ದಪ್ಪದ್ದೇ ಇರಲಿ" ಎನ್ನುತ್ತಾರೆ.